ಹೊಗೆಯ ಗುರುತು ರಕ್ತದ ಕಣಗಳಲ್ಲಿ ಎಷ್ಟು ಕಾಲ ಉಳಿಯುತ್ತದೆ?

ಸಿಗರೇಟ್ ಸೇದುವವರ ರಕ್ತದ ರಿಪೋರ್ಟ್‌ನಲ್ಲಿ ಒಂದು ಸಂಖ್ಯೆ ಪದೇ ಪದೇ ನನ್ನ ಕಣ್ಣಿಗೆ ಬೀಳುತ್ತದೆ. ಅದು ಬಿಳಿ ರಕ್ತಕಣಗಳ ಲೆಕ್ಕ. ಜ್ವರ ಇರುವುದಿಲ್ಲ, ಎಲ್ಲೂ ಸೋಂಕಿನ ಲಕ್ಷಣ ಇರುವುದಿಲ್ಲ. ಆದರೂ ಲೆಕ್ಕ ಸ್ವಲ್ಪ ಮೇಲೇ ಇರುತ್ತದೆ. ಸೇದದವರಿಗೆ ಹೋಲಿಸಿದರೆ ಸರಾಸರಿ ಕಾಲು ಭಾಗದಷ್ಟು ಜಾಸ್ತಿ. ಎಷ್ಟೋ ಸಲ ಅದು ಲ್ಯಾಬ್‌ನವರು ಹಾಕಿದ ಮಿತಿಯ ಒಳಗೇ ಇರುವುದರಿಂದ ಯಾರೂ ಅದರ ಮಾತೆತ್ತುವುದಿಲ್ಲ. "ಎಲ್ಲಾ ನಾರ್ಮಲ್ ಇದೆ ಅಲ್ವಾ ಡಾಕ್ಟ್ರೇ?" ಅಂತ ಕೇಳಿ, ರಿಪೋರ್ಟ್ ಮಡಚಿಕೊಂಡು ಹೊರಡುತ್ತಾರೆ.

ಆ ಕಣಗಳು ಎಷ್ಟಿವೆ ಅನ್ನುವುದಕ್ಕಿಂತ ಅವುಗಳ ಒಳಗೆ ಏನು ನಡೆಯುತ್ತಿದೆ ಅನ್ನುವುದು ನನಗೆ ಮುಖ್ಯ. 2011ರಿಂದ ಈಚೆಗೆ ಈ ವಿಷಯದಲ್ಲಿ ಬಹಳಷ್ಟು ತಿಳಿದುಬಂದಿದೆ. ರೋಗದ ವಿರುದ್ಧ ಹೋರಾಡುವ ಕಣಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದನ್ನೇ ಹೊಗೆ ಬದಲಾಯಿಸುತ್ತದೆ. ಸೇದುವುದನ್ನು ಬಿಟ್ಟರೆ ಈ ಬದಲಾವಣೆಗಳಲ್ಲಿ ಹೆಚ್ಚಿನವು ಸರಿಹೋಗುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಸರಿಹೋಗುವುದಿಲ್ಲ. ಕೆಲವು ಬೇಗ ಹೋಗುತ್ತವೆ, ಕೆಲವಕ್ಕೆ ವರ್ಷಗಳೇ ಬೇಕು, ಕೆಲವು ಹತ್ತಾರು ವರ್ಷ ಕಳೆದರೂ ಉಳಿದಿರುತ್ತವೆ. ಸೇದುವವರಿಗೂ, ಬಿಟ್ಟವರಿಗೂ, ಅವರನ್ನು ನೋಡುವ ವೈದ್ಯರಿಗೂ ಈ ವ್ಯತ್ಯಾಸ ಗೊತ್ತಿರಬೇಕು. ಈ ಅಂಕಣ ಬರೆಯುತ್ತಿರುವುದು ಅದಕ್ಕೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಸಿಗರೇಟ್‌ನಿಂದ ಜೀನ್ ಹಾಳಾಗುತ್ತೆ" ಅಂತ ಜನ ಹೇಳುತ್ತಾರೆ. ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಒಂದು, ಡಿಎನ್‌ಎಯ ಬರಹದಲ್ಲೇ ಅಕ್ಷರ ತಪ್ಪಾಗುವುದು. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಡಿಎನ್‌ಎಗೆ ಅಂಟಿಕೊಂಡು ಇಂಥ ತಪ್ಪುಗಳನ್ನು ಮಾಡುತ್ತವೆ. ಶ್ವಾಸಕೋಶದ ಕ್ಯಾನ್ಸರ್‌ನ ಬೇರು ಇರುವುದು ಅಲ್ಲಿ. ಒಮ್ಮೆ ಆದ ಆ ತಪ್ಪು ಆ ಕಣದಲ್ಲಿ ಶಾಶ್ವತ. ಇನ್ನೊಂದು ಬೇರೆಯೇ ಸಂಗತಿ. ಇಲ್ಲಿ ಬರಹ ಇದ್ದ ಹಾಗೇ ಇರುತ್ತದೆ, ಅದನ್ನು ಓದುವ ರೀತಿ ಬದಲಾಗುತ್ತದೆ. ನಾನು ಇವತ್ತು ಹೇಳುತ್ತಿರುವುದು ಈ ಎರಡನೆಯದನ್ನು.

ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕಣಗಳಲ್ಲೂ, ಅಂದರೆ ಜೀವಕೋಶಗಳಲ್ಲೂ, ಅದೇ ಡಿಎನ್‌ಎ ಇದೆ. ಬಿಡಿಸಿ ಎಳೆದರೆ ಒಂದು ಕಣದಲ್ಲೇ ಸುಮಾರು 2 ಮೀಟರ್ ಉದ್ದ. ಪ್ರೊಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಪಿತ್ತಜನಕಾಂಗದ ಕಣಕ್ಕೂ ರಕ್ತದ ಟಿ ಕಣಕ್ಕೂ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣ) ಇರುವ ಜೀನ್‌ಗಳು ಒಂದೇ. ಯಾವುದು ಕೆಲಸ ಮಾಡುತ್ತದೆ, ಯಾವುದು ಸುಮ್ಮನಿರುತ್ತದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಇದನ್ನು ನಿಭಾಯಿಸುವ ವ್ಯವಸ್ಥೆಗಳಲ್ಲಿ ಒಂದು ಮೀಥೈಲ್ ಗುರುತು. ಇಂಗಾಲದ ಒಂದು, ಹೈಡ್ರೋಜನ್‌ನ ಮೂರು ಪರಮಾಣುಗಳ ಪುಟ್ಟ ಗುಂಪು ಅದು. ಡಿಎನ್‌ಎಯ ಸಿ ಅನ್ನುವ ಅಕ್ಷರದ ಮೇಲೆ, ಅದರಲ್ಲೂ ಹೆಚ್ಚಾಗಿ ಸಿ ಪಕ್ಕದಲ್ಲಿ ಜಿ ಇರುವ ಕಡೆ ಹೋಗಿ ಕೂರುತ್ತದೆ. ಜೀನ್‌ನ ಕೆಲಸ ನಿಯಂತ್ರಿಸುವ ಜಾಗದಲ್ಲಿ ಈ ಗುರುತುಗಳು ಜಾಸ್ತಿ ಇದ್ದರೆ ಸಾಮಾನ್ಯವಾಗಿ ಆ ಜೀನ್‌ನ ಕೆಲಸ ಕಡಿಮೆ. ಗುರುತು ಕಳಚಿದರೆ ಕೆಲಸ ಹೆಚ್ಚುತ್ತದೆ. ಇದು ಲೈಟಿನ ಸ್ವಿಚ್ ಥರ ಆನ್, ಆಫ್ ಅಷ್ಟೇ ಅಲ್ಲ. ಫ್ಯಾನಿನ ರೆಗ್ಯುಲೇಟರ್ ಥರ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡುವಂಥದ್ದು.

ಈಗ ಹೊಗೆಯ ವಿಷಯಕ್ಕೆ ಬರೋಣ. ಒಂದು ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಎಲೆ ಪೂರ್ತಿ ಉರಿಯದೆ ಹೊಗೆಯಾಡುವಾಗ ಹುಟ್ಟುವ ಒಂದು ಗುಂಪು ನಮ್ಮ ಕಥೆಗೆ ಮುಖ್ಯ. ಬೆಂಜೋಪೈರೀನ್ ಈ ಗುಂಪಿಗೆ ಸೇರಿದ್ದು. ಇಂಥ ವಸ್ತುಗಳನ್ನು ಗುರುತಿಸುವುದಕ್ಕೆಂದೇ ನಮ್ಮ ಕಣಗಳಲ್ಲಿ ಒಂದು ಪ್ರೊಟೀನ್ ಇದೆ. ಅದರ ಹೆಸರು ಎಎಚ್‌ಆರ್. ಅದು ಸಾಮಾನ್ಯವಾಗಿ ಕಣದ ಹೊರವಲಯದಲ್ಲಿ ಸುಮ್ಮನೆ ಇರುತ್ತದೆ. ಬೆಂಜೋಪೈರೀನ್ ಬಂದು ಅಂಟಿಕೊಂಡ ಕೂಡಲೇ ಡಿಎನ್‌ಎ ಇರುವ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಇನ್ನೊಂದು ಪ್ರೊಟೀನಿನ ಜತೆ ಜೋಡಿಯಾಗಿ, ವಿಷವನ್ನು ಒಡೆಯುವ ಕಿಣ್ವಗಳ ಜೀನ್‌ಗಳನ್ನು ಎಬ್ಬಿಸುತ್ತದೆ.

ಕೇಳಲು ಒಳ್ಳೆಯದೇ ಅನಿಸುತ್ತದೆ, ಅಲ್ವಾ? ಆದರೆ ಈ ಕಿಣ್ವಗಳು ಬೆಂಜೋಪೈರೀನನ್ನು ಒಡೆಯುವ ದಾರಿಯಲ್ಲಿ ಅದನ್ನು ಇನ್ನಷ್ಟು ಅಪಾಯದ ರೂಪಕ್ಕೆ ತರುತ್ತವೆ. ಡಿಎನ್‌ಎಗೆ ಅಂಟುವುದು ಆ ರೂಪವೇ. ಎಎಚ್‌ಆರ್ ಅತಿಯಾಗಿ ಕೆಲಸ ಮಾಡಿದರೆ ತೊಂದರೆ ಅನ್ನುವುದಕ್ಕೆ ದೇಹದಲ್ಲೇ ಒಂದು ಕಡಿವಾಣವೂ ಇದೆ. ಅದು ಎಎಚ್‌ಆರ್‌ಆರ್ ಅನ್ನುವ ಜೀನ್. ಎಎಚ್‌ಆರ್ ಎಬ್ಬಿಸುವ ಜೀನ್‌ಗಳಲ್ಲಿ ಇದೂ ಒಂದು. ಇದರಿಂದ ತಯಾರಾದ ಪ್ರೊಟೀನ್ ಹಿಂದಿರುಗಿ ಎಎಚ್‌ಆರ್‌ನ ಜೋಡಿಯನ್ನೇ ಕಸಿದುಕೊಂಡು ಅದರ ಕೆಲಸವನ್ನು ತಗ್ಗಿಸುತ್ತದೆ. ದಿನವೂ, ಗಂಟೆಗೊಮ್ಮೆ ಹೊಗೆ ಒಳಗೆ ಹೋಗುತ್ತಿದ್ದರೆ ಈ ಕಡಿವಾಣವೂ ಸದಾ ಕೆಲಸದಲ್ಲಿ ಇರಬೇಕಾಗುತ್ತದೆ. ಹಾಗೆ ಬಿಡುವಿಲ್ಲದೆ ಕೆಲಸ ಮಾಡುವ ಈ ಜೀನ್‌ನ ಮೇಲಿನ ಮೀಥೈಲ್ ಗುರುತುಗಳು ಕಡಿಮೆಯಾಗುತ್ತವೆ.

2011ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು ಸೇದುವವರ ರಕ್ತದಲ್ಲಿ ಎಫ್2ಆರ್‌ಎಲ್3 ಅನ್ನುವ ಜೀನ್‌ನಲ್ಲಿ ಮೀಥೈಲ್ ಗುರುತು ಕಡಿಮೆ ಇರುವುದನ್ನು ತೋರಿಸಿದರು. ಮರುವರ್ಷವೇ ಬೇರೆ ಗುಂಪುಗಳು ಎಎಚ್‌ಆರ್‌ಆರ್ ಜೀನ್‌ನಲ್ಲಿ ಅದಕ್ಕಿಂತ ದೊಡ್ಡ ಇಳಿತ ಕಂಡವು. ಈ ಜೀನ್‌ನ ಒಂದೇ ಒಂದು ಜಾಗ ಈಗ ಈ ಕ್ಷೇತ್ರದಲ್ಲಿ ತುಂಬಾ ಹೆಸರುವಾಸಿ. ಎಂದೂ ಸೇದದವರ ರಕ್ತದಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ನೂರಕ್ಕೆ 80ರಿಂದ 90ರಷ್ಟು ಮೀಥೈಲ್ ಗುರುತು ಇರುತ್ತದೆ. ಬಹಳ ವರ್ಷ, ದಿನಕ್ಕೆ ಜಾಸ್ತಿ ಸೇದಿದವರಲ್ಲಿ ಅದು 60ಕ್ಕೆ, ಕೆಲವರಲ್ಲಿ ಅದಕ್ಕೂ ಕೆಳಗೆ ಬಂದಿರುತ್ತದೆ. ಸೇದಿದಷ್ಟೂ ಇಳಿಯುತ್ತದೆ. ಈಗಷ್ಟೇ ಚಟ ಹತ್ತಿಸಿಕೊಂಡ, ಕಡಿಮೆ ಸೇದುವ ಹುಡುಗರಲ್ಲೂ ಇಳಿಕೆ ಕಾಣುತ್ತದೆ. "ನಾನು ದಿನಕ್ಕೆ ಎರಡೇ ಎರಡು" ಅನ್ನುವವರು ಇದನ್ನು ಗಮನಿಸಬೇಕು.

ಇಲ್ಲಿ ಒಂದು ಒಗಟು ಇದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇದೇ. ರಕ್ತದ ಬಿಳಿ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳು. ಸೋಂಕು ಕಂಡ ಕಡೆ ಮೊದಲು ಓಡುವ ಕಣಗಳಿವು. ಇವುಗಳ ಆಯಸ್ಸು ತೀರಾ ಕಡಿಮೆ. ರಕ್ತಕ್ಕೆ ಬಂದ ಮೇಲೆ ಒಂದು ದಿನ, ಹೆಚ್ಚೆಂದರೆ ಕೆಲವು ದಿನ. ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಹಾಗಾದರೆ ಹೊಗೆ ಕುಡಿದ ಕಣಗಳೆಲ್ಲ ಸೇದುವುದು ಬಿಟ್ಟ ಒಂದು ವಾರದಲ್ಲಿ ಸತ್ತುಹೋಗಿರಬೇಕು. ಎರಡನೇ ವಾರದ ರಕ್ತ ಹೊಸದಾಗಿರಬೇಕು. ಆದರೆ ಹೊಗೆಯ ಗುರುತು ವಾರಗಳಲ್ಲಿ ಹೋಗುವುದಿಲ್ಲ. ಇಳಿದ ಮೀಥೈಲ್ ಮಟ್ಟ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಮೇಲೇರುತ್ತದೆ. ಎಎಚ್‌ಆರ್‌ಆರ್‌ನ ಇಳಿಕೆ ಎದ್ದು ಕಾಣುವುದೂ ಇದೇ ನ್ಯೂಟ್ರೋಫಿಲ್‌ಗಳಲ್ಲಿ, ಮತ್ತು ಅವುಗಳ ವಂಶಕ್ಕೇ ಸೇರಿದ ಮೊನೊಸೈಟ್‌ಗಳಲ್ಲಿ.

ಇದಕ್ಕೆ ಒಪ್ಪುವ ಉತ್ತರ ಒಂದೇ. ಹೊಗೆ ಮುಟ್ಟುತ್ತಿರುವುದು ರಕ್ತದಲ್ಲಿ ಓಡಾಡುವ ಕಣಗಳನ್ನಷ್ಟೇ ಅಲ್ಲ. ಮಜ್ಜೆಯಲ್ಲಿ ಕೂತು ಅವುಗಳಿಗೆ ಜನ್ಮ ಕೊಡುವ ಮೂಲ ಕಣಗಳನ್ನೂ ಅದು ಮುಟ್ಟುತ್ತಿದೆ. ಕಣ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ಆಗ ಮೀಥೈಲ್ ಗುರುತುಗಳನ್ನೂ ನೋಡಿಕೊಂಡು ನಕಲು ಮಾಡುವ ಕಿಣ್ವವೊಂದಿದೆ. ತಾಯಿ ಕಣದಲ್ಲಿ ಗುರುತು ಕಳಚಿದ್ದರೆ ಮಗಳು ಕಣದಲ್ಲೂ ಅಲ್ಲಿ ಗುರುತು ಇರುವುದಿಲ್ಲ. ಹೀಗೆ ಹೊಗೆಯನ್ನೇ ಕಾಣದ ಹೊಸ ನ್ಯೂಟ್ರೋಫಿಲ್ ಕೂಡ ಹೊಗೆಯ ಗುರುತು ಹೊತ್ತೇ ಹುಟ್ಟುತ್ತದೆ. ಶ್ವಾಸಕೋಶದ ತಜ್ಞನಾಗಿ ನಾನು ರೋಗಿಗಳಿಗೆ ಬಾಯಿ, ಗಂಟಲು, ಶ್ವಾಸಕೋಶದ ಬಗ್ಗೆ ಹೇಳುತ್ತಲೇ ಇರುತ್ತೇನೆ. ಆದರೆ ಹೊಗೆ ಮೂಳೆಯ ಒಳಗಿನವರೆಗೂ ಹೋಗುತ್ತದೆ ಅಂದಾಗ ಅವರು ಮಾತು ನಿಲ್ಲಿಸಿ ಕೇಳುತ್ತಾರೆ.

ಈ ಸಂಶೋಧನೆಗಳನ್ನು ಓದುವಾಗ ಒಂದು ಎಚ್ಚರ ಬೇಕು. ರಕ್ತ ಅಂದರೆ ಹಲವು ಬಗೆಯ ಕಣಗಳ ಮಿಶ್ರಣ. ಒಂದು ಜೀನ್‌ನ ಕೆಲಸ ಹೆಚ್ಚಾದ ಹಾಗೆ ಕಂಡರೆ, ಪ್ರತಿ ಕಣದಲ್ಲೂ ಅದು ಹೆಚ್ಚಾಗಿರಬಹುದು. ಇಲ್ಲವೇ ಆ ಜೀನ್ ಬಳಸುವ ಒಂದು ಬಗೆಯ ಕಣಗಳೇ ರಕ್ತದಲ್ಲಿ ಹೆಚ್ಚಾಗಿರಬಹುದು. ಜಿಪಿಆರ್15 ಇದಕ್ಕೆ ಒಳ್ಳೆಯ ಉದಾಹರಣೆ. ಸೇದುವವರ ರಕ್ತದಲ್ಲಿ ಈ ಜೀನ್‌ನ ಕೆಲಸ ಎದ್ದು ಕಾಣುವಷ್ಟು ಜಾಸ್ತಿ. ಹುಡುಕಿ ನೋಡಿದಾಗ ಗೊತ್ತಾಗಿದ್ದು ಬೇರೆ. ಜಿಪಿಆರ್15 ಹೊತ್ತ ಟಿ ಕಣಗಳೇ ಅವರ ರಕ್ತದಲ್ಲಿ ಹೆಚ್ಚು. ಈ ಪ್ರೊಟೀನ್ ಟಿ ಕಣಗಳನ್ನು ದೊಡ್ಡ ಕರುಳಿನ ಕಡೆಗೆ ಕರೆದೊಯ್ಯುವ ಕೆಲಸ ಮಾಡುತ್ತದೆ. ಎರಡೂ ಹೊಗೆಯ ಪರಿಣಾಮವೇ, ಅರ್ಥ ಮಾತ್ರ ಬೇರೆ. ಎಎಚ್‌ಆರ್‌ಆರ್ ವಿಷಯದಲ್ಲಿ ಹೀಗಿಲ್ಲ. ಒಂದೊಂದೇ ಬಗೆಯ ಕಣಗಳನ್ನು ಬೇರ್ಪಡಿಸಿ ನೋಡಿದರೂ ಬದಲಾವಣೆ ಕಾಣುತ್ತದೆ.

ಇಂಥ ಜೀನ್‌ಗಳು ಒಟ್ಟು ಎಷ್ಟು? 2016ರಲ್ಲಿ 16 ಅಧ್ಯಯನ ಗುಂಪುಗಳ ಸುಮಾರು 16,000 ಜನರ ರಕ್ತದ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಸೇದುವವರಲ್ಲಿ ಮೀಥೈಲ್ ಗುರುತು ಬದಲಾದ ಜಾಗಗಳು 7,000ಕ್ಕೂ ಹೆಚ್ಚು ಜೀನ್‌ಗಳಲ್ಲಿ ಸಿಕ್ಕವು. ಅಂದರೆ ನಮ್ಮ ಜೀನ್‌ಗಳಲ್ಲಿ ಮೂರನೇ ಒಂದರಷ್ಟು! ಎಲ್ಲದರಲ್ಲೂ ಬದಲಾವಣೆ ದೊಡ್ಡದಲ್ಲ ಅನ್ನುವುದನ್ನು ಮರೆಯಬಾರದು. ಬಹುತೇಕ ಜಾಗಗಳಲ್ಲಿ ಶೇಕಡ ಒಂದೆರಡು ಅಂಶ ಅಷ್ಟೇ. ಬಿಟ್ಟವರ ಮಾಹಿತಿ ಇನ್ನೂ ಮುಖ್ಯ. ಹೆಚ್ಚಿನ ಜಾಗಗಳು ಬಿಟ್ಟ ಐದು ವರ್ಷದೊಳಗೆ ಎಂದೂ ಸೇದದವರ ಮಟ್ಟಕ್ಕೆ ಬಂದಿದ್ದವು. ಬೆರಳೆಣಿಕೆಯಷ್ಟು ಜೀನ್‌ಗಳಲ್ಲಿ 30 ವರ್ಷ ಕಳೆದರೂ ಬದಲಾವಣೆ ಉಳಿದಿತ್ತು.

ಗುರುತು ಬದಲಾದರೆ ಕಣದ ನಡವಳಿಕೆ ಬದಲಾಗುತ್ತದಾ? ನನ್ನ ಪ್ರಕಾರ ಕೇಳಲೇಬೇಕಾದ ಪ್ರಶ್ನೆ ಇದು. ಡಿಎನ್‌ಎ ಮೇಲೆ ಗುರುತು ಇದ್ದ ಮಾತ್ರಕ್ಕೆ ರೋಗಿಗೆ ಏನಾದರೂ ಆಗಿಯೇ ಇರಬೇಕು ಅಂತ ಇಲ್ಲ. ಇದಕ್ಕೆ ಗಟ್ಟಿಯಾದ ಉತ್ತರ ಸಿಕ್ಕಿದ್ದು 2024ರಲ್ಲಿ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಅಧ್ಯಯನದಿಂದ. ಅವರು ಆರೋಗ್ಯವಾಗಿರುವ 1,000 ಜನರನ್ನು ಆರಿಸಿಕೊಂಡಿದ್ದರು. 500 ಹೆಂಗಸರು, 500 ಗಂಡಸರು, ವಯಸ್ಸು 20ರಿಂದ 69. ಪ್ರತಿಯೊಬ್ಬರ ರಕ್ತವನ್ನೂ ಹಲವು ಕೊಳವೆಗಳಿಗೆ ಹಂಚಿದರು. ಒಂದಕ್ಕೆ ಬ್ಯಾಕ್ಟೀರಿಯಾ, ಇನ್ನೊಂದಕ್ಕೆ ವೈರಸ್, ಮತ್ತೊಂದಕ್ಕೆ ಟಿ ಕಣಗಳನ್ನೇ ನೇರವಾಗಿ ಕೆಣಕುವ ವಸ್ತು, ಹೀಗೆ ಬೇರೆ ಬೇರೆಯವನ್ನು ಸೇರಿಸಿದರು. ಆಮೇಲೆ ಕಣಗಳು ಹೊರಬಿಡುವ ಸೈಟೊಕೈನ್‌ಗಳನ್ನು ಅಳೆದರು. ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪ್ರೊಟೀನ್‌ಗಳು ಇವು. ಜತೆಗೆ ಪ್ರತಿಯೊಬ್ಬರ ಆಹಾರ, ನಿದ್ದೆ, ತೂಕ, ಹಳೆಯ ಸೋಂಕು ಮೊದಲಾದ ನೂರಕ್ಕೂ ಹೆಚ್ಚು ವಿವರಗಳನ್ನು ಹೋಲಿಸಿದರು. ಎಲ್ಲದರ ನಡುವೆ ಎದ್ದು ನಿಂತಿದ್ದು ಧೂಮಪಾನ. ಕೆಲವು ಸೈಟೊಕೈನ್‌ಗಳ ಮಟ್ಟಿಗೆ ಅದರ ಪ್ರಭಾವ ವಯಸ್ಸು, ಲಿಂಗಗಳ ಪ್ರಭಾವಕ್ಕೆ ಸಮನಾಗಿತ್ತು.

ನಮ್ಮ ರೋಗನಿರೋಧಕ ವ್ಯವಸ್ಥೆಗೆ ಎರಡು ಭಾಗಗಳಿವೆ. ಯಾವ ಶತ್ರು ಬಂದರೂ ಕೂಡಲೇ ಮೇಲೆ ಬೀಳುವ ಹುಟ್ಟಿನಿಂದ ಬಂದ ಭಾಗ ಒಂದು. ಕಲಿತು, ನೆನಪಿಟ್ಟುಕೊಂಡು ಕೆಲಸ ಮಾಡುವ ಟಿ ಮತ್ತು ಬಿ ಕಣಗಳ ಭಾಗ ಇನ್ನೊಂದು. ಪಾಶ್ಚರ್ ಅಧ್ಯಯನದಲ್ಲಿ ಸೇದುವವರಲ್ಲಿ ಎರಡೂ ಬದಲಾಗಿದ್ದವು. ಬ್ಯಾಕ್ಟೀರಿಯಾ ಹಾಕಿದ ಕೊಳವೆಯಲ್ಲಿ ಉರಿಯೂತದ ಸೈಟೊಕೈನ್‌ಗಳು ಹೆಚ್ಚು ಬಂದವು. ಬಿಟ್ಟವರಲ್ಲಿ ಈ ಮೊದಲ ಭಾಗ ಬೇಗ ಮಾಮೂಲಿಗೆ ಬಂದಿತ್ತು. ಎರಡನೆಯ ಭಾಗ ಬಂದಿರಲಿಲ್ಲ. ಟಿ ಕಣಗಳನ್ನು ಕೆಣಕಿದಾಗ ಬರುವ ಪ್ರತಿಕ್ರಿಯೆ, ಸೇದುವುದು ಬಿಟ್ಟು ಹಲವು ವರ್ಷ ಆದವರಲ್ಲೂ ಸೇದುವವರ ಥರವೇ ಇತ್ತು. ಈ ಉಳಿದುಕೊಂಡ ಬದಲಾವಣೆಗೂ ಮೀಥೈಲ್ ಗುರುತುಗಳಿಗೂ ನಂಟು ಇರುವುದನ್ನು ಅವರು ತೋರಿಸಿದರು. ಎಷ್ಟು ವರ್ಷ, ಎಷ್ಟು ಸೇದಿದರು ಅನ್ನುವುದರ ಮೇಲೆ ಪರಿಣಾಮದ ಗಾತ್ರ ನಿಂತಿತ್ತು.

ಸೈಟೊಕೈನ್ ಜಾಸ್ತಿ ಬಂತು ಅಂದರೆ ರೋಗನಿರೋಧಕ ಶಕ್ತಿ ಜಾಸ್ತಿ ಅಂತ ಯಾರಾದರೂ ಓದಿಕೊಳ್ಳಬಹುದು. ಅದು ತಪ್ಪು. ಬೇಡದ ಕಡೆ, ಬೇಡದ ಪ್ರಮಾಣದಲ್ಲಿ ಉರಿಯೂತ ಆದರೆ ನಮ್ಮ ಅಂಗಾಂಶವೇ ಸುಡುತ್ತದೆ. ಅದನ್ನು ನಾನು ದಿನನಿತ್ಯ ನೋಡುವ ಜಾಗ ಶ್ವಾಸಕೋಶ.

ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಇರುತ್ತವೆ. ಒಳಗೆ ಬಂದ ದೂಳು, ಬ್ಯಾಕ್ಟೀರಿಯಾಗಳನ್ನು ನುಂಗಿ ತೆಗೆಯುವುದು ಅವುಗಳ ಕೆಲಸ. ಬ್ರಾಂಕೊಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಸಣ್ಣ ಕೊಳವೆ ಇಳಿಸಿ ನೋಡುವ ಪರೀಕ್ಷೆ ಮಾಡುವಾಗ ಕೆಲವೊಮ್ಮೆ ನಾವು ಶ್ವಾಸಕೋಶದ ಒಂದು ಭಾಗಕ್ಕೆ ಸಲೈನ್ ಬಿಟ್ಟು ವಾಪಸ್ ಎಳೆಯುತ್ತೇವೆ. ಆ ನೀರಿನ ಜತೆ ಕಣಗಳೂ ಬರುತ್ತವೆ. ಎಂದೂ ಸೇದದವರ ಮ್ಯಾಕ್ರೋಫೇಜ್ ಸೂಕ್ಷ್ಮದರ್ಶಕದಲ್ಲಿ ತಿಳಿಯಾಗಿ, ನೊರೆನೊರೆಯಾಗಿ ಕಾಣುತ್ತದೆ. ಸೇದುವವರದ್ದು ಹಾಗಲ್ಲ. ಕಣದ ತುಂಬ ಕಂದು ಬಣ್ಣದ ನವುರಾದ ಹರಳುಗಳು. ನುಂಗಿದ ಹೊಗೆಯನ್ನು ಜೀರ್ಣಿಸಿಕೊಳ್ಳಲಾಗದೆ ಹಾಗೇ ಒಳಗಿಟ್ಟುಕೊಂಡು ಕೂತಿರುತ್ತವೆ. ಸಂಖ್ಯೆಯೂ ಮೂರ್ನಾಲ್ಕು ಪಟ್ಟು ಜಾಸ್ತಿ. ಸ್ಲೈಡ್ ನೋಡಿದ ಕೂಡಲೇ, ರೋಗಿಯ ಹೆಸರು ಓದುವ ಮೊದಲೇ, ಇವರು ಸೇದುತ್ತಾರೆ ಅಂತ ಹೇಳಬಹುದು.

ಆ ಕಂದು ಕಣಗಳ ಜೀನ್‌ಗಳಲ್ಲೂ ಏರುಪೇರು ಆಗಿರುತ್ತದೆ. ಎಂಎಂಪಿ12 ಅನ್ನುವ ಜೀನ್‌ನ ಕೆಲಸ ತುಂಬಾ ಏರಿರುತ್ತದೆ. ಅದರಿಂದ ತಯಾರಾಗುವ ಕಿಣ್ವ ಶ್ವಾಸಕೋಶದ ಎಲಾಸ್ಟಿನ್ ನಾರುಗಳನ್ನು ಕತ್ತರಿಸುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶ ಮತ್ತೆ ಕುಗ್ಗುವುದು ಈ ನಾರುಗಳಿಂದಲೇ. ಈ ಜೀನ್ ತೆಗೆದುಹಾಕಿದ ಇಲಿಗಳಿಗೆ ತಿಂಗಳುಗಟ್ಟಲೆ ಹೊಗೆ ಕೊಟ್ಟರೂ ಎಂಫಿಸಿಮಾ (ಗಾಳಿಗೂಡುಗಳ ಗೋಡೆ ಹಾಳಾಗುವ ರೋಗ) ಬರಲಿಲ್ಲ ಅಂತ 1997ರಲ್ಲೇ ವರದಿಯಾಯಿತು. ಜೀನ್ ಇದ್ದ ಇಲಿಗಳಿಗೆ ಬಂತು. ಮನುಷ್ಯನ ಶ್ವಾಸಕೋಶ ಇಲಿಯದ್ದಕ್ಕಿಂತ ಜಟಿಲ, ಇಲ್ಲಿ ಬೇರೆ ಕಿಣ್ವಗಳೂ ಸೇರಿಕೊಳ್ಳುತ್ತವೆ. ಆದರೂ ತನ್ನದೇ ರಕ್ಷಣೆಯ ಕಣ ತನ್ನದೇ ಅಂಗವನ್ನು ಹೇಗೆ ಕರಗಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಕಂಡಿಲ್ಲ.

ಇನ್ನೊಂದು ಬದಲಾವಣೆ ನಮ್ಮ ಚಿಕಿತ್ಸೆಗೇ ಅಡ್ಡ ಬರುತ್ತದೆ. ಡಿಎನ್‌ಎ ಸುಮ್ಮನೆ ಹರಡಿಕೊಂಡಿರುವುದಿಲ್ಲ. ಹಿಸ್ಟೋನ್ ಎಂಬ ಪ್ರೊಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಾದರೆ ಜೀನ್ ಕೆಲಸ ಮಾಡುತ್ತದೆ, ಬಿಗಿಯಾದರೆ ನಿಲ್ಲುತ್ತದೆ. ಬಿಗಿ ಮಾಡುವ ಕಿಣ್ವಗಳಲ್ಲಿ ಒಂದು ಎಚ್‌ಡಿಎಸಿ2. ಉರಿಯೂತದ ಜೀನ್‌ಗಳನ್ನು ಸುಮ್ಮನಾಗಿಸಲು ಸ್ಟೀರಾಯ್ಡ್ ಔಷಧಿ ಈ ಕಿಣ್ವದ ಸಹಾಯ ಪಡೆಯುತ್ತದೆ. ಸೇದುವವರ ಮ್ಯಾಕ್ರೋಫೇಜ್‌ಗಳಲ್ಲಿ ಎಚ್‌ಡಿಎಸಿ2 ಕಡಿಮೆ ಇರುತ್ತದೆ. ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ರೋಗ ಸಿಒಪಿಡಿ. ಅದು ಬಲಿತವರಲ್ಲಿ ಇನ್ನೂ ಕಡಿಮೆ. ಅಂದಮೇಲೆ ಸ್ಟೀರಾಯ್ಡ್ ಒಳಗೆ ಹೋದರೂ ಅದಕ್ಕೆ ಬೇಕಾದ ಜೊತೆಗಾರನೇ ಇರುವುದಿಲ್ಲ.

ಕ್ಲಿನಿಕ್‌ನಲ್ಲಿ ಇದು ಹೀಗೆ ಕಾಣುತ್ತದೆ. ಒಂದೇ ವಯಸ್ಸಿನ, ಒಂದೇ ತೀವ್ರತೆಯ ಅಸ್ತಮಾ ಇರುವ ಇಬ್ಬರಿಗೆ ಒಂದೇ ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಡುತ್ತೇವೆ. ಸೇದದವರಿಗೆ ಕೆಲವೇ ವಾರಗಳಲ್ಲಿ ಆರಾಮ. ಸೇದುವವರು ಬಂದು "ಈ ಪಂಪ್ ಕೆಲಸ ಮಾಡ್ತಿಲ್ಲ, ಬೇರೆ ಕೊಡಿ" ಅನ್ನುತ್ತಾರೆ. ನಾವು ಮೊದಲು ಪಂಪ್ ಹಿಡಿಯುವ ಕ್ರಮ ಸರಿ ಇದೆಯಾ ನೋಡುತ್ತೇವೆ. ಕ್ರಮ ಸರಿ ಇದ್ದೂ ಗುಣ ಕಾಣದಿದ್ದರೆ ಡೋಸ್ ಏರಿಸುವ ಆಸೆಯಾಗುತ್ತದೆ. ಅಲ್ಲೇ ತಡೆದು ಮೊದಲು ಸಿಗರೇಟ್ ಬಿಡಿಸಲು ಪೂರ್ತಿ ಪ್ರಯತ್ನ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಔಷಧಿ ಕೆಲಸ ಮಾಡುವ ದಾರಿಯನ್ನೇ ಹೊಗೆ ಮುಚ್ಚುತ್ತಿರುವಾಗ ಔಷಧಿ ಹೆಚ್ಚಿಸುವುದರಿಂದ ಅಡ್ಡಪರಿಣಾಮಗಳು ಮಾತ್ರ ಹೆಚ್ಚುತ್ತವೆ.

ಜನ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಸೇದುವವರಿಗೆ ಸೋಂಕೂ ಜಾಸ್ತಿ ಅಂತೀರಿ, ದೇಹ ತನ್ನನ್ನೇ ತಾನು ಹೊಡೆಯುವ ರೋಗಗಳೂ ಜಾಸ್ತಿ ಅಂತೀರಿ. ಎರಡೂ ಒಟ್ಟಿಗೆ ಹೇಗೆ? ರೋಗನಿರೋಧಕ ಶಕ್ತಿಯನ್ನು ಹೆಚ್ಚು, ಕಡಿಮೆ ಅಂತ ಅಳೆಯಲು ಹೋದರೆ ಇದು ಅರ್ಥವಾಗುವುದಿಲ್ಲ. ಬೇಕಾದ ಕಡೆ ಮಂಕಾಗಿ, ಬೇಡದ ಕಡೆ ಚುರುಕಾಗಿದೆ ಅಂದುಕೊಂಡರೆ ಅರ್ಥವಾಗುತ್ತದೆ. ಹೊಗೆ ತುಂಬಿಕೊಂಡ ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾವನ್ನು ನುಂಗುವುದರಲ್ಲಿ ಹಿಂದೆ ಬೀಳುತ್ತದೆ. ಸೇದುವವರಿಗೆ ಕ್ಷಯರೋಗ ಬರುವ ಸಾಧ್ಯತೆ ಸೇದದವರಿಗಿಂತ ಸುಮಾರು ಎರಡು ಪಟ್ಟು. ಇನ್ನೊಂದು ಕಡೆ, ಹೊಗೆಯಿಂದ ಕೆರಳಿದ ಶ್ವಾಸಕೋಶದಲ್ಲಿ ನಮ್ಮದೇ ಪ್ರೊಟೀನ್‌ಗಳ ರೂಪ ಸ್ವಲ್ಪ ಬದಲಾಗುತ್ತದೆ. ಕೆಲವರ ದೇಹ ಅದನ್ನು ಪರಕೀಯ ಅಂದುಕೊಂಡು ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಕೀಲುಗಳನ್ನು ತಿನ್ನುವ ರುಮಟಾಯ್ಡ್ ಆರ್ಥ್ರೈಟಿಸ್‌ನ ಒಂದು ದಾರಿ ಹೀಗೆ ಶುರುವಾಗುತ್ತದೆ. 2006ರ ಸ್ವೀಡನ್ ಅಧ್ಯಯನದಲ್ಲಿ, ಈ ರೋಗಕ್ಕೆ ಒಲವು ಕೊಡುವ ಎಚ್‌ಎಲ್‌ಎ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದು, ಜತೆಗೆ ಸೇದಿದವರಲ್ಲಿ, ಆ ಪ್ರತಿಕಾಯ ಇರುವ ಬಗೆಯ ಆರ್ಥ್ರೈಟಿಸ್ ಅಪಾಯ 21 ಪಟ್ಟು ಇತ್ತು. ಜೀನೂ ಇಲ್ಲದ, ಸೇದದವರಿಗೆ ಹೋಲಿಸಿದ ಲೆಕ್ಕ ಅದು. ಬಿಟ್ಟ ಮೇಲೆ ಈ ಅಪಾಯ ಇಳಿಯುತ್ತದೆ, ಆದರೆ ಹಲವು ವರ್ಷ ಹಿಡಿಯುತ್ತದೆ. ಬೇಗ ಸರಿಹೋಗದ ಟಿ ಕಣಗಳ ಕಥೆಗೆ ಇದು ಹೊಂದುತ್ತದೆ.

ಗರ್ಭದಲ್ಲಿರುವ ಮಗುವಿನ ವಿಷಯ ಹೇಳದೆ ಮುಂದೆ ಹೋಗಲಾರೆ. 2012ರಲ್ಲಿ ನಾರ್ವೆಯ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರು. ಗರ್ಭಿಣಿಯಾಗಿದ್ದಾಗ ಸೇದಿದ ತಾಯಂದಿರ ಮಕ್ಕಳಲ್ಲಿ ಅದೇ ಎಎಚ್‌ಆರ್‌ಆರ್ ಜೀನ್‌ನಲ್ಲಿ ಗುರುತು ಬದಲಾಗಿತ್ತು. ರಕ್ತಕಣಗಳು ಬೆಳೆದು ರೂಪ ಪಡೆಯಲು ಬೇಕಾದ ಜಿಎಫ್‌ಐ1 ಜೀನ್‌ನಲ್ಲೂ ಬದಲಾಗಿತ್ತು. ಒಂದು ಸಲವೂ ಹೊಗೆ ಎಳೆಯದ ಮಗು ಅದು. ಮುಂದಿನ ಅಧ್ಯಯನಗಳಲ್ಲಿ ಈ ಗುರುತುಗಳಲ್ಲಿ ಕೆಲವು ಹದಿಹರೆಯದವರೆಗೂ ಉಳಿದಿರುವುದು ಕಂಡಿದೆ. ಗರ್ಭಿಣಿಗೆ ಇದನ್ನು ಹೇಳುವಾಗ ಹೆದರಿಸಬಾರದು. ಮನೆಯವರೆಲ್ಲ ಸೇರಿ ಸೇದುವುದು ಬಿಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ ಅಂತ ಹೇಳಬೇಕು.

ಇಷ್ಟಕ್ಕೆಲ್ಲ ನಿಕೋಟಿನ್ ಕಾರಣವಾ? ಸ್ವೀಡನ್ನಿನ 2014ರ ಒಂದು ಅಧ್ಯಯನ ಸೇದುವವರನ್ನೂ, ಹೊಗೆಯಿಲ್ಲದ ತಂಬಾಕನ್ನು ಬಾಯಲ್ಲಿ ಇಟ್ಟುಕೊಳ್ಳುವವರನ್ನೂ ಹೋಲಿಸಿತು. ಇಬ್ಬರ ದೇಹಕ್ಕೂ ನಿಕೋಟಿನ್ ಹೋಗುತ್ತದೆ. ಮೀಥೈಲ್ ಬದಲಾವಣೆ ಕಂಡಿದ್ದು ಸೇದುವವರಲ್ಲಿ ಮಾತ್ರ. ಅಂದರೆ ಈ ಗುರುತುಗಳು ಮುಖ್ಯವಾಗಿ ಸುಟ್ಟ ಎಲೆಯ ಹೊಗೆಯಿಂದ ಬರುವಂಥವು. ತಂಬಾಕು ಜಗಿಯಬಹುದು ಅಂತ ಇದರ ಅರ್ಥ ಖಂಡಿತ ಅಲ್ಲ, ಬಾಯಿ ಕ್ಯಾನ್ಸರ್‌ಗೆ ಅದು ದೊಡ್ಡ ಕಾರಣ. ಚಟ ಬಿಡಲು ಕೊಡುವ ನಿಕೋಟಿನ್ ಪ್ಯಾಚ್, ಗಮ್ ಬಗ್ಗೆ ಹೆದರುವವರಿಗೆ ಮಾತ್ರ ಇದು ಸಮಾಧಾನದ ಸುದ್ದಿ. "ಅದರಲ್ಲೂ ನಿಕೋಟಿನ್ನೇ ಇರೋದಲ್ವಾ" ಅಂತ ಪ್ಯಾಚ್ ಬೇಡ ಅಂದು, ವಾರ ಕಳೆಯುವುದರೊಳಗೆ ಮತ್ತೆ ಸಿಗರೇಟಿಗೆ ಮರಳುವವರು ಬಹಳ ಜನ.

ರಕ್ತದಲ್ಲಿ ಗುರುತು ನೋಡಿ ಯಾರು ಸೇದುತ್ತಾರೆ ಅಂತ ಪತ್ತೆ ಮಾಡಬಹುದಾ ಅಂತಲೂ ಕೇಳುತ್ತಾರೆ. ತಕ್ಕಮಟ್ಟಿಗೆ ಮಾಡಬಹುದು. ನಿಕೋಟಿನ್ ದೇಹದಲ್ಲಿ ಒಡೆದಾಗ ಸಿಗುವ ವಸ್ತು ಕೊಟಿನಿನ್. ಈಗ ಬಳಕೆಯಲ್ಲಿರುವ ಕೊಟಿನಿನ್ ಪರೀಕ್ಷೆ ಕಳೆದ ಕೆಲವು ದಿನಗಳ ಕಥೆ ಮಾತ್ರ ಹೇಳುತ್ತದೆ. ಎಎಚ್‌ಆರ್‌ಆರ್ ಗುರುತು ವರ್ಷಗಳ ಕಥೆ ಹೇಳುತ್ತದೆ. ಸಂಶೋಧನೆಗೆ ಇದು ತುಂಬಾ ಉಪಯೋಗ. ಯಾರನ್ನೋ ಸಿಕ್ಕಿಹಾಕಿಸಲು, ವಿಮೆ ತಪ್ಪಿಸಲು ಬಳಸುವುದನ್ನು ನಾನು ಒಪ್ಪುವುದಿಲ್ಲ. ಮರ್ಯಾದೆಯಿಂದ ಕೇಳಿದರೆ ರೋಗಿಗಳು ನಿಜ ಹೇಳುತ್ತಾರೆ.

ಈ ಗುರುತುಗಳನ್ನು ಮತ್ತೆ ಸರಿಮಾಡುವ ಮಾತ್ರೆ ಇದೆಯಾ? ಇಲ್ಲ. "ಶ್ವಾಸಕೋಶ ತೊಳೆಯುವ" ಪುಡಿ, ಕಷಾಯ, ವಿಟಮಿನ್ ಅಂತ ಮಾರುವವರು ಇದ್ದಾರೆ. ದಯವಿಟ್ಟು ಅವಕ್ಕೆ ದುಡ್ಡು ಸುರಿಯಬೇಡಿ. ವಿಟಮಿನ್ ಅಲ್ವಾ, ಏನಾಗುತ್ತೆ ಅನ್ನುವವರಿಗೆ ಒಂದು ಹಳೆಯ ಪ್ರಯೋಗ ನೆನಪಿಸುತ್ತೇನೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು, ಅವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಬೀಟಾ ಕೆರೋಟಿನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಅನ್ನುವ ಆಸೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕೆರೋಟಿನ್ ತಗೊಂಡವರಲ್ಲಿ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇಂಥದೇ ಇನ್ನೊಂದು ಪ್ರಯೋಗವನ್ನು ಅದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಗುರುತು ಮತ್ತೆ ಕೂರುವುದು ಹೊಗೆ ನಿಂತಾಗ ಮಾತ್ರ. ಅದು ಯಾವ ವಯಸ್ಸಿನಲ್ಲೂ ಶುರುವಾಗುತ್ತದೆ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಅವರ ಅಧ್ಯಯನದ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಬಿಡದೆ ಸೇದುವವರಿಗೆ ಹೋಲಿಸಿದರೆ 60ನೇ ವಯಸ್ಸಿಗೆ ಬಿಟ್ಟವರಿಗೆ ಸುಮಾರು 3 ವರ್ಷ ಆಯಸ್ಸು ಹೆಚ್ಚು ಸಿಕ್ಕಿತ್ತು. 50ಕ್ಕೆ ಬಿಟ್ಟವರಿಗೆ 6, 40ಕ್ಕೆ ಬಿಟ್ಟವರಿಗೆ 9, 30ಕ್ಕೆ ಬಿಟ್ಟವರಿಗೆ 10 ವರ್ಷ. "ಇಷ್ಟು ವರ್ಷ ಸೇದಿದ್ದಾಯ್ತು, ಈಗ ಬಿಟ್ಟು ಏನು ಪ್ರಯೋಜನ" ಅನ್ನುವ ಮಾತಿಗೆ ನಾನು ಈ ಲೆಕ್ಕವನ್ನೇ ಕೊಡುತ್ತೇನೆ. ಸೇದುವ ಗಂಡಸರ ರಕ್ತಕಣಗಳಲ್ಲಿ ವೈ ಕ್ರೋಮೋಸೋಮ್ ಪೂರ್ತಿ ಕಳೆದುಹೋಗುವುದು ಜಾಸ್ತಿ ಅಂತ 2015ರಲ್ಲಿ ಗೊತ್ತಾಯಿತು. ಅದೂ ಕೂಡ ಬಿಟ್ಟವರಲ್ಲಿ ಸೇದದವರ ಮಟ್ಟಕ್ಕೆ ಇಳಿದಿತ್ತು.

ಬಿಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ಮೊದಲ ವಾರ ಸಿಟ್ಟು, ನಿದ್ದೆಗೆಡುವುದು, ಚಡಪಡಿಕೆ ಎಲ್ಲ ಜೋರಾಗಿರುತ್ತದೆ, ಆಮೇಲೆ ಇಳಿಯುತ್ತದೆ. ಪ್ಯಾಚ್, ಗಮ್, ವೆರೆನಿಕ್ಲಿನ್ ಮತ್ತು ಬುಪ್ರೊಪಿಯಾನ್ ಮಾತ್ರೆ ಇವುಗಳಿಂದ ಬಿಡುವ ಸಾಧ್ಯತೆ ಹೆಚ್ಚುತ್ತದೆ. ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದನ್ನು ವೈದ್ಯರ ಜತೆ ಕೂತು ಮಾತಾಡಿ.

ಈಗಾಗಲೇ ಬಿಟ್ಟವರಲ್ಲಿ ನನ್ನದೊಂದು ಕೋರಿಕೆ. ಆಸ್ಪತ್ರೆಯ ಫಾರ್ಮ್‌ನಲ್ಲಿ "ಧೂಮಪಾನ: ಇಲ್ಲ" ಅಂತ ಬರೆದು ಸುಮ್ಮನಾಗಬೇಡಿ. ಯಾವ ವಯಸ್ಸಿಗೆ ಶುರು ಮಾಡಿದಿರಿ, ದಿನಕ್ಕೆ ಎಷ್ಟು, ಯಾವ ವರ್ಷ ಬಿಟ್ಟಿರಿ, ಈ ಮೂರನ್ನೂ ಹೇಳಿ. ದಿನಕ್ಕೆ 20ರಂತೆ ಒಂದು ವರ್ಷ ಸೇದಿದರೆ ಅದನ್ನು ನಾವು ಒಂದು ಪ್ಯಾಕ್ ವರ್ಷ ಅಂತ ಲೆಕ್ಕ ಹಾಕುತ್ತೇವೆ. ದಿನಕ್ಕೆ 10ರಂತೆ 20 ವರ್ಷ ಅಂದರೆ 10 ಪ್ಯಾಕ್ ವರ್ಷ. ಕೀಲುನೋವು ಅಂತ ಬಂದಾಗ ಯಾವ ಪರೀಕ್ಷೆ ಬರೆಯಬೇಕು, ಬಹಳ ದಿನದ ಕೆಮ್ಮಿಗೆ ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅನ್ನುವುದನ್ನೆಲ್ಲ ಈ ಸಂಖ್ಯೆ ನೋಡಿಕೊಂಡೇ ನಿರ್ಧರಿಸುತ್ತೇವೆ. ವೈದ್ಯರು ಕೇಳದಿದ್ದರೆ ನೀವೇ ಹೇಳಿ, ಫೈಲಿನಲ್ಲಿ ಬರೆಸಿ.